ಶಿಕ್ಷಾ ಕೋಪೈಲಟ್: ಉಳಿದ ಸಮಯ ಯಾರ ಪಾಲಿಗೆ?

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ನಮ್ಮ ತಕರಾರೆಲ್ಲ ಮಕ್ಕಳ ಮೇಲೆಯೇ: ಪ್ರಬಂಧ ಕದಿಯುತ್ತಾರೆ, ಪ್ರಾಜೆಕ್ಟ್ ಕದಿಯುತ್ತಾರೆ. ಮೇಷ್ಟ್ರ ಕೈಗೂ ಅಂಥದೇ ಕೃತಕ ಬುದ್ಧಿಮತ್ತೆಯ ಯಂತ್ರ ಬಂದಿದೆ ಎಂಬುದರ ಬಗ್ಗೆ ಮಾತು ಕಡಿಮೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ರೂಪಿಸಿದ 'ಶಿಕ್ಷಾ ಕೋಪೈಲಟ್' ಕರ್ನಾಟಕದ ಸರಕಾರಿ ಶಾಲೆಗಳ ಶಿಕ್ಷಕರಿಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಪಾಠ ಯೋಜನೆ ಒದಗಿಸುತ್ತದೆ.

ಇದರ ಒಳ್ಳೆಯ ಗುಣವನ್ನು ಮೊದಲೇ ಒಪ್ಪಬೇಕು. ಯಂತ್ರ ಕೊಟ್ಟದ್ದು ನೇರವಾಗಿ ತರಗತಿಗೆ ಹೋಗುವುದಿಲ್ಲ. ವಿಷಯ ಬಲ್ಲವರು ತಿದ್ದುತ್ತಾರೆ, ಆಮೇಲೆ ಶಿಕ್ಷಕರು ತಮ್ಮ ತರಗತಿಗೆ ಒಗ್ಗಿಸಿಕೊಳ್ಳುತ್ತಾರೆ. 1,043 ಶಿಕ್ಷಕರನ್ನೂ ಯೋಜನೆ ತಿದ್ದಿದ 23 ಮಂದಿಯನ್ನೂ ಒಳಗೊಂಡ ಅಧ್ಯಯನವೊಂದು, ತಯಾರಿಯ ಸಮಯ ಉಳಿಯಿತು, ಒತ್ತಡ ಇಳಿಯಿತು, ಚಟುವಟಿಕೆಯ ಪಾಠ ಹೆಚ್ಚಿತು ಎನ್ನುತ್ತದೆ. ಒಬ್ಬರೇ ಹಲವು ತರಗತಿಗಳನ್ನು ಒಟ್ಟಿಗೆ ನಡೆಸುವ ಬಹುವರ್ಗ ಬೋಧನೆಯಲ್ಲಿ ಹೈರಾಣಾದವರಿಗೆ ಇದು ಸಣ್ಣ ಉಪಕಾರವೇನಲ್ಲ.

ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು. ಶಿಕ್ಷಕರು ಇದನ್ನು ಪಾಠಕ್ಕೆ ಬಳಸಿದಂತೆ ದಾಖಲೆ ತುಂಬಿಸಲಿಕ್ಕೂ ಬಳಸಿದರು. ಕಡತದ ಹೊರೆ ಹಗುರಾದರೂ ಸಿಬ್ಬಂದಿ ಕೊರತೆ, ಆಡಳಿತದ ಬೇಡಿಕೆಗಳು ದೊಡ್ಡ ಬದಲಾವಣೆಗೆ ಅಡ್ಡಿಯಾಗಿಯೇ ಉಳಿದವು. ಯಾರೂ ಓದದ ಕಡತವನ್ನು ಯಂತ್ರ ಬರೆದುಕೊಡುವುದಾದರೆ ಆ ಕಡತವಾದರೂ ಯಾಕೆ ಬೇಕು? ಮಕ್ಕಳ ಪ್ರಾಜೆಕ್ಟ್ ಕತೆಯೂ ಇದೇ. ಅಂಗಡಿಯಿಂದ ಚಿತ್ರ ತಂದು ಅಂಟಿಸಿದ್ದಕ್ಕೆ ಅಂಕ ಕೊಡುತ್ತಾ ಬಂದವರಿಗೆ ಈಗ ಯಂತ್ರದ ಮೇಲೆ ಸಿಟ್ಟಾಗುವ ಹಕ್ಕು ಎಷ್ಟಿದೆ?

ಯಂತ್ರಕ್ಕೆ ನಿಲುಕದ್ದೂ ಇದೆ. ದಕ್ಷಿಣ ಕನ್ನಡದ ಅಳದಂಗಡಿಯ ಕಡೆಯ ತರಗತಿಯನ್ನು ಊಹಿಸಿ. ಮಗು ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಆಡುತ್ತದೆ, ಪಾಠ ಕನ್ನಡದಲ್ಲಿ. ಗೂಗಲ್ ಅನುವಾದಕ್ಕೆ ತುಳು ಸೇರಿದ್ದೇ 2024ರಲ್ಲಿ. ಅನುವಾದ ಎಷ್ಟೇ ಸುಧಾರಿಸಲಿ, ಹಿಂದಿನ ಬೆಂಚಿನ ಹುಡುಗಿ ಸುಮ್ಮನಿರುವುದು ಗೊತ್ತಿಲ್ಲದೆಯೋ ಕನ್ನಡದಲ್ಲಿ ಹೇಳಲು ನಾಚಿಯೋ ಎಂಬುದು ಟೀಚರಿಗೇ ತಿಳಿಯಬೇಕು. ಆ ಸೀಮೆಯನ್ನು ಆಳಿದ ಅಜಿಲ ಅರಸರ ಮೇಲೆ ಪ್ರಾಜೆಕ್ಟ್ ಕೊಟ್ಟರೆ, 1604ರಲ್ಲಿ ತಿಮ್ಮಣ್ಣ ಅಜಿಲರು ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದ್ದನ್ನು ಯಂತ್ರ ಸರಿಯಾಗಿಯೇ ಬರೆಯಬಹುದು. ಅಳದಂಗಡಿಯಲ್ಲಿ ಅವರ ಅರಮನೆಯಿದೆ, ಹತ್ತಿರದಲ್ಲೇ ವೇಣೂರಿದೆ. ಹೋಗಿ ನೋಡಿ, ಹಿರಿಯರನ್ನು ಕೇಳಿ, ಕಾರ್ಕಳದ 1432ರ ಮೂರ್ತಿಯೊಂದಿಗೆ ಹೋಲಿಸಿ ಬರೆಯುವ ಕೆಲಸ ಮಾತ್ರ ಉತ್ತರ ಸರಿಯಾದಷ್ಟೂ ಅನಾವಶ್ಯಕವೆನಿಸುತ್ತದೆ. ತಪ್ಪು ಉತ್ತರಕ್ಕಿಂತ ಇದೇ ನನಗೆ ದೊಡ್ಡ ನಷ್ಟ.

ಇಲ್ಲಿ ನಲಿ–ಕಲಿ ನೆನಪಾಗುತ್ತದೆ, ಕಾರ್ಡುಗಳ ಮೂಲಕ ಚಟುವಟಿಕೆಯಿಂದ ಕಲಿಸುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗ ಅದರ ಕಾರ್ಡುಗಳನ್ನು ರೂಪಿಸಿದ್ದು ಶಿಕ್ಷಕರೇ. ಅದೂ ಬಹುವರ್ಗದ ಕಷ್ಟದಿಂದಲೇ ಹುಟ್ಟಿದ್ದು, ಆದರೆ ಕಟ್ಟುವ ಶ್ರಮದಲ್ಲಿ ಶಿಕ್ಷಕರೂ ಬೆಳೆದರು. ಕೋಪೈಲಟ್‌ನಲ್ಲಿ ಅವರ ಪಾಲು ಒಗ್ಗಿಸಿಕೊಳ್ಳುವುದಕ್ಕೆ ಇಳಿದಿದೆ. ತಿದ್ದುವ ಬಿಡುವೂ ಇಲ್ಲದ ದಿನ ಅದು ಬರೀ ಸಹಿಯಾದೀತು.

ಹಾಗಾಗಿ ಉಪಕರಣಕ್ಕೆ ನನ್ನ ಒಪ್ಪಿಗೆಯಿದೆ, ಅದನ್ನು ಬಳಸಿಕೊಳ್ಳುವ ಬಗೆಗೆ ಇಲ್ಲ. ಇಲಾಖೆ ಮೊದಲು ಖಾಲಿ ಹುದ್ದೆ ತುಂಬಲಿ, ಬೇಡದ ದಾಖಲೆಗಳನ್ನು ಕೈಬಿಡಲಿ. ಉಳಿದ ಸಮಯವನ್ನು ಇನ್ನೊಂದು ವರದಿಗೆ ಕೇಳದಿರಲಿ.