ನಡುವಿನ ತಂಬೂರಿ

ಕುಮಾರ ಗಂಧರ್ವರು ಹಾಡನ್ನು ತುಂಡು ತುಂಡು ಮಾಡುತ್ತಾರೆಂದೇ ನಾನು ನಂಬಿದ್ದೆ. ಹಿಂಡಲಗಾದ ನಮ್ಮ ಅಡುಗೆಮನೆಯಲ್ಲಿ ಫೋನಿನ ಸ್ಪೀಕರಿನಿಂದ ಕೇಳಿದ್ದು ಹಾಗೇ ಇತ್ತು. 1924ರಲ್ಲಿ ಇಲ್ಲೇ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಗಾಯಕ, ಮುಂದೆ ಕ್ಷಯದಿಂದ ಒಂದು ಶ್ವಾಸಕೋಶ ಕೆಟ್ಟಿತು, ಉಸಿರು ಸಾಲದು. ನನ್ನ ವಿಮರ್ಶೆ ಅಲ್ಲಿಗೇ ಮುಗಿಯುತ್ತಿತ್ತು.

ಮೊನ್ನೆ ಹೆಡ್‌ಫೋನ್ ಹಾಕಿಕೊಂಡು ಅದೇ ಕಬೀರನ ಭಜನೆ ಕೇಳಿದೆ. ಸಾಲು ಸಾಲಿನ ನಡುವೆ ತುಂಬ ತಂಬೂರಿ! ಅವರು ಬಿಟ್ಟ ಸ್ವರ ಅದರಲ್ಲಿ ಕರಗುತ್ತದೆ, ಮುಂದಿನದು ಅದರೊಳಗಿಂದಲೇ ಏಳುತ್ತದೆ. ಬೆರಳಗಲದ ಸ್ಪೀಕರಿಗೆ ಮಂದ್ರದ ಆ ನಾದ ಹೊರಡಿಸುವ ಶಕ್ತಿ ಎಲ್ಲಿದೆ? ಅಳಿದುಳಿದದ್ದನ್ನು ಕುಕ್ಕರಿನ ಸೀಟಿ ನುಂಗುತ್ತದೆ. ರೋಗದ ಕಥೆ ಸುಳ್ಳಲ್ಲ. ಆದರೆ ಆ ವಿರಾಮಗಳನ್ನೆಲ್ಲ ರೋಗದ ಲೆಕ್ಕಕ್ಕೇ ಬರೆಯುವವರು, ಯಾವುದರಲ್ಲಿ ಕೇಳಿದೆವೆಂದು ಮೊದಲು ಹೇಳಲಿ.