‘ಹೊರಗಾದಳು’: ಮಾಡಿದವರಿಲ್ಲದ ಕ್ರಿಯೆ ಮತ್ತು ಕಾನೂನಿನ ಭಾಷೆ

ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ರಜೆ ನೀಡುವ ನೀತಿಯನ್ನು ಕರ್ನಾಟಕ ಸರ್ಕಾರ 2025ರಲ್ಲಿ ಒಪ್ಪಿಕೊಂಡಿತು. ಅದು ಎರಡು ಹೆಸರುಗಳಲ್ಲಿ ಪ್ರಚಲಿತವಾಯಿತು: ‘ಋತುಚಕ್ರ ರಜೆ’ ಮತ್ತು ‘ಮುಟ್ಟಿನ ರಜೆ’. ಮೊದಲನೆಯದು ಸಭ್ಯ, ಎರಡನೆಯದು ಬಿಚ್ಚುಮಾತು ಎಂಬ ಗ್ರಹಿಕೆಯ ಹಿಂದೆ ಒಂದು ನಂಬಿಕೆಯಿದೆ: ಕಳಂಕ ನಾಮಪದದಲ್ಲಿದೆ, ನಾಮಪದ ಬದಲಾದರೆ ಕಳಂಕವೂ ಕಳೆಯುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಆಡುಮಾತನ್ನು ಎದುರಿಗಿಟ್ಟುಕೊಂಡರೆ ಈ ನಂಬಿಕೆ ನಿಲ್ಲುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ.

ಹೆಸರಿನ ರಾಜಕಾರಣ ಹುಸಿಯೆಂದಲ್ಲ. ಶಾಲಾ ಬಾಲಕಿಯರಿಗೆ ಸ್ಯಾನಿಟರಿ ಪ್ಯಾಡ್ ನೀಡುವ ಯೋಜನೆಯನ್ನು ‘ಶುಚಿ’ ಎಂದು ಕರೆದಾಗ, ಅದಿಲ್ಲದ ಸ್ಥಿತಿ ಅಶುಚಿ ಎಂಬ ಪೂರ್ವಗ್ರಹಿಕೆ ಹೆಸರಿನೊಳಗೇ ಸೇರಿಕೊಂಡಿತು. 2022ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಯೋಜನೆ ‘ಮುಟ್ಟಿನ ಕಪ್’ ಎಂಬ ಮಾತನ್ನು ಹಿಂಜರಿಯದೆ ಬಳಸಿತು; ಆಕಾಶವೇನೂ ಕಳಚಿ ಬೀಳಲಿಲ್ಲ. ‘ಮುಟ್ಟು’ ಎಂಬುದು ಸ್ಪರ್ಶವಾಚಿಯಾದ ಧಾತು. ಮುಟ್ಟಬಾರದ ಸ್ಥಿತಿಗೆ ಮುಟ್ಟುವಿಕೆಯ ಹೆಸರೇ ಬಂದಿರುವುದು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ತೆಲುಗಿನಲ್ಲಿಯೂ ಅದೇ ‘ಮುಟ್ಟು’, ಮಲಯಾಳದ ‘ತೀಂಡಾರಿ’ಯಲ್ಲಿಯೂ ಸ್ಪರ್ಶದ ಧಾತುವೇ ಇದೆ.

ಆದರೆ ಚಿತ್ರದುರ್ಗ ಜಿಲ್ಲೆಯ ಗೊಲ್ಲರಹಟ್ಟಿಗಳಲ್ಲಿ ಹೆಣ್ಣನ್ನು ಹಟ್ಟಿಯ ಅಂಚಿಗೆ ಕಳುಹಿಸುವುದು ಈ ನಾಮಪದವಲ್ಲ, ‘ಹೊರಗೆ’ ಎಂಬ ಸ್ಥಳವಾಚಿ ಅವ್ಯಯ. ‘ಹೊರಗಾದಳು’, ‘ಹೊರಗೆ ಕೂತಿದ್ದಾಳೆ’, ‘ಒಳಗೆ ಬಂದಳು’. ಈ ಮೂರೂ ಅಕರ್ಮಕ ವಾಕ್ಯಗಳು. ಪ್ರಥಮಾ ವಿಭಕ್ತಿಯಲ್ಲಿರುವವಳು ಅವಳೇ. ಮೊದಲ ವಾಕ್ಯದಲ್ಲಿ ಅವಳು ಸಂಭವಿಸಿದ್ದನ್ನು ಹೊತ್ತವಳು. ಉಳಿದೆರಡರಲ್ಲಿ ತಾನಾಗಿಯೇ ಕೂತವಳು, ತಾನಾಗಿಯೇ ಬಂದವಳು. ಕಳುಹಿಸಿದವರು ಎಲ್ಲಿಯೂ ಇಲ್ಲ. ಕನ್ನಡದಲ್ಲಿ ‘ಹೊರಗಿಡು’ ಎಂಬ ಸಕರ್ಮಕ ರೂಪ ಇಲ್ಲವೆಂದಲ್ಲ. ಜಾತಿಯಿಂದ ಹೊರಗಿಟ್ಟರು, ಊರಿಂದ ಹೊರಗಿಟ್ಟರು ಎನ್ನುತ್ತೇವೆ. ಮುಟ್ಟಿನ ಸಂದರ್ಭದಲ್ಲಿ ಮಾತ್ರ ಅದು ನಾಲಗೆಗೆ ಬರುವುದಿಲ್ಲ. ಏಕೆ ಎಂದು ಕೇಳಿದರೆ ಬರುವ ಉತ್ತರ ‘ದೇವರಿಗೆ ಆಗುವುದಿಲ್ಲ’. ಇಲ್ಲಿ ದೇವರೂ ಚತುರ್ಥಿಯಲ್ಲಿ ಕೂತಿದ್ದಾನೆ. ಅವನೂ ಏನನ್ನೂ ಮಾಡುವುದಿಲ್ಲ, ಅವನಿಗೆ ಒಗ್ಗುವುದಿಲ್ಲ, ಅಷ್ಟೆ.

ಇದಕ್ಕೆ ಎದುರಾಗಿ ನಿಂತಿರುವುದು 2020ರಲ್ಲಿ ಜಾರಿಗೆ ಬಂದ, ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ವಿರುದ್ಧದ 2017ರ ಅಧಿನಿಯಮ. ಮುಟ್ಟಾದ ಅಥವಾ ಗರ್ಭಿಣಿಯಾದ ಮಹಿಳೆಯನ್ನು ಬಲವಂತದಿಂದ ಒಂಟಿಯಾಗಿಸುವುದು, ಊರೊಳಗೆ ಬಾರದಂತೆ ತಡೆಯುವುದು, ಪ್ರತ್ಯೇಕವಾಗಿರಿಸಲು ಅನುವು ಮಾಡಿಕೊಡುವುದು ಅದರಂತೆ ನಿಷಿದ್ಧ. ಮೂರೂ ಕ್ರಿಯೆಗಳಿಗೆ ಮಾಡಿದವನೊಬ್ಬ ಬೇಕೇ ಬೇಕು. ‘ನಿನ್ನನ್ನು ಯಾರು ಹೊರಗೆ ಹಾಕಿದರು?’ ಎಂದು ಅಧಿಕಾರಿ ಕೇಳಿದರೆ ‘ಯಾರೂ ಇಲ್ಲ, ನಾನೇ ಹೊರಗಾಗಿದ್ದೇನೆ’ ಎಂಬ ಉತ್ತರ ಸುಳ್ಳೂ ಅಲ್ಲ, ಭಯದ ಮಾತೇ ಆಗಿರಬೇಕೆಂದೂ ಇಲ್ಲ; ಅವಳಾಡುವ ಭಾಷೆಯಲ್ಲಿ ಅದು ಸಹಜ ವಾಕ್ಯ. ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಇನ್ನು ಮೂರನೆಯ ಕ್ರಿಯೆ, ‘ಅನುವು ಮಾಡಿಕೊಡುವುದು’, ಸರ್ಕಾರಕ್ಕೇ ತಿರುಗುತ್ತದೆ: ಹಟ್ಟಿಗಳ ಅಂಚಿನಲ್ಲಿ ಸರ್ಕಾರದ ಹಣದಲ್ಲಿ ಎದ್ದ ‘ಕೃಷ್ಣ ಕುಟೀರ’ಗಳನ್ನು ಯಾವ ಕ್ರಿಯಾಪದದಡಿ ಇಡಬೇಕು?

2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಹೆಸರಿನಲ್ಲಿ ಊರ ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ‘ಇದ್ದ’ ಎಂದು ಬರೆದ ಮೇಲೆ ನನಗೇ ತಿಳಿಯಿತು, ನಾನೂ ಅದೇ ವ್ಯಾಕರಣಕ್ಕೆ ಸಿಕ್ಕಿದ್ದೇನೆ. ‘ಇರಿಸಿದ್ದ’ ಎನ್ನಬೇಕಿತ್ತು.

‘ಮಹಿಳೆ’ ಎನ್ನಬೇಕೋ ‘ಮುಟ್ಟಾಗುವವರು’ ಎನ್ನಬೇಕೋ ಎಂಬ ಜಾಗತಿಕ ವಿವಾದ ಈ ಸೀಮೆಗೆ ಬಂದರೆ ಅದರ ರೂಪ ಬೇರೆಯಾಗುತ್ತದೆ. ಕನ್ನಡದ ‘ಅವರು’ ಪುರುಷ-ಸ್ತ್ರೀ ಭೇದವೆಣಿಸದ ಬಹುವಚನ, ಗೌರವವಾಚಿಯೂ ಹೌದು. ರಜೆಯ ಆದೇಶದಲ್ಲಿ ‘ಮುಟ್ಟಾಗುವವರು’ ಎಂದರೆ ಯಾರಿಗೂ ನಷ್ಟವಿಲ್ಲ, ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಕೆಲವರಿಗೆ ಲಾಭವಿದೆ. ಹೊರಗಿಡುವಿಕೆಯನ್ನು ನಿಷೇಧಿಸುವ ಕಾನೂನಿನಲ್ಲಿ ಮಾತ್ರ ‘ಮಹಿಳೆ’ ಎಂಬ ಪದ ಉಳಿಯಬೇಕೆಂದು ನನ್ನ ಅಭಿಪ್ರಾಯ. ಮಾಡಿದವನ ಹೆಸರು ಈಗಾಗಲೇ ವಾಕ್ಯದಿಂದ ಮಾಯವಾಗಿದೆ. ಅನುಭವಿಸಿದವಳ ಗುರುತನ್ನೂ ಅಳಿಸಿದರೆ ಆ ವಾಕ್ಯದಲ್ಲಿ ‘ಹೊರಗೆ’ ಎಂಬುದೊಂದೇ ಉಳಿದೀತು.

ಆರೋಗ್ಯದ ಪ್ರಶ್ನೆ ಇನ್ನೂ ಸೂಕ್ಷ್ಮ. ‘ಎಷ್ಟು ದಿನ ಹೊರಗಾಗುತ್ತೀ?’ ಎಂದು ಆಶಾ ಕಾರ್ಯಕರ್ತೆ ಕೇಳಿದರೆ ಸಿಗುವ ಸಂಖ್ಯೆ ಸಂಪ್ರದಾಯ ಗೊತ್ತುಮಾಡಿದ ದಿನಗಳದ್ದಾಗಬಹುದು, ರಕ್ತಸ್ರಾವದ್ದಲ್ಲ. ಎಂಟು ಹತ್ತು ದಿನ ಸ್ರಾವವಾಗಿ ರಕ್ತಹೀನತೆಗೆ ಜಾರುತ್ತಿರುವವಳೂ ನಿಯಮದ ದಿನಗಳನ್ನೇ ಹೇಳಿಯಾಳು. ‘ಋತುಸ್ರಾವದ ಅವಧಿ’ ಎಂದು ಕೇಳಿದರೆ ಪ್ರಶ್ನೆಯೇ ಮುಟ್ಟದೆ ಹೋಗಬಹುದು. ‘ಎಷ್ಟು ದಿನ ಬಟ್ಟೆ ಬೇಕಾಗುತ್ತದೆ?’ ಎಂಬುದು ದೇಹಕ್ಕೆ ಹತ್ತಿರವಾದ ಪ್ರಶ್ನೆ.

ತನಿಖೆಗೂ ಇಂಥದೊಂದು ಪ್ರಶ್ನೆ ಕನ್ನಡದಲ್ಲೇ ಇದೆ. ‘ಯಾರು ಹೊರಗೆ ಹಾಕಿದರು?’ ಎನ್ನುವ ಬದಲು ‘ನೀನು ಒಳಗೇ ಇದ್ದಿದ್ದರೆ ಯಾರು ಬೈಯುತ್ತಿದ್ದರು?’ ಎಂದು ಕೇಳಬಹುದು. ‘ಬೈಯು’ ಎಂಬ ಧಾತು ತಾನಾಗಿ ನಡೆಯುವ ಕ್ರಿಯೆಯಲ್ಲ. ಅದಕ್ಕೆ ಬೈಯುವವರು ಬೇಕು, ಮತ್ತು ಅವರಿಗೆ ಹೆಸರುಗಳಿರುತ್ತವೆ.