ನಿಯಂತ್ರಣ ಕೊಠಡಿಯ ದೊಡ್ಡ ಗೋಡೆ: ವೀಡಿಯೊ ವಾಲ್ ನವೀಕರಣದ ಒಂದು ವಿಮರ್ಶೆ

ಪೆಟ್ರೋಲಿಯಂ ಉತ್ಪನ್ನಗಳು, ಉಕ್ಕು, ಸಿಮೆಂಟು, ರಸಗೊಬ್ಬರ, ವಿದ್ಯುತ್ತು ಇವೇ ಮೊದಲಾದವುಗಳ ಉತ್ಪಾದನೆ ಹಗಲಿರುಳೆನ್ನದೆ ಎಡೆಬಿಡದೆ ನಡೆಯುವ ಕಾರ್ಖಾನೆಗಳಲ್ಲಿ, ನಿಯಂತ್ರಣ ಕೊಠಡಿಯ ನವೀಕರಣವೆಂದರೆ ವೀಡಿಯೊ ವಾಲ್ ಅಳವಡಿಸುವುದು ಎಂಬ ಭಾವನೆ ಈಗ ಬಲವಾಗಿ ಬೇರೂರಿದೆ. ಹಲವು ಪರದೆಗಳನ್ನು ಅಂಚಿಗೆ ಅಂಚು ತಾಗುವಂತೆ ಜೋಡಿಸಿ, ಒಂದೇ ಚಿತ್ರ ಎಲ್ಲದರ ಮೇಲೂ ಹರಡಿಕೊಳ್ಳುವಂತೆ ಅಥವಾ ಬೇರೆ ಬೇರೆ ಚಿತ್ರಗಳು ಅಕ್ಕಪಕ್ಕದಲ್ಲಿ ಕಾಣುವಂತೆ ಮಾಡಿದ ಗೋಡೆಗಾತ್ರದ ಈ ಸಾಧನವು ಕೊಠಡಿಯ ರೂಪವನ್ನೇ ಬದಲಿಸಿಬಿಡುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕೊಠಡಿ ಇರುವುದು ಆಪರೇಟರುಗಳಿಗಾಗಿ. ಘಟಕದಲ್ಲಿ ಏನೋ ಕೆಡುತ್ತಿದೆ ಎಂಬುದು ಅವರಿಗೆ ಮೊದಲಿಗಿಂತ ಬೇಗ, ಮೊದಲಿಗಿಂತ ಖಚಿತವಾಗಿ ತಿಳಿಯುವಂತಾಯಿತೇ ಎಂಬ ಅಳತೆಗೋಲನ್ನು ಹಿಡಿದು ನೋಡಿದರೆ, ಈ ಪದ್ಧತಿಯ ಬಗ್ಗೆ ಉತ್ಸಾಹಕ್ಕಿಂತ ಎಚ್ಚರಿಕೆಯೇ ಹೆಚ್ಚು ಸಲ್ಲುತ್ತದೆ.

ದೊಡ್ಡ ಗೋಡೆಯ ಬೇಡಿಕೆಯ ಹಿಂದೆ ನ್ಯಾಯವಾದ ಕಾರಣವೊಂದು ಇದೆ. 1970ರ ದಶಕದವರೆಗಿನ ನಿಯಂತ್ರಣ ಕೊಠಡಿಗಳಲ್ಲಿ ಗೋಡೆಯುದ್ದಕ್ಕೂ ಪ್ಯಾನೆಲ್‌ಗಳಿದ್ದು, ಒಂದೊಂದು ಒತ್ತಡಕ್ಕೂ ಉಷ್ಣಾಂಶಕ್ಕೂ ಮಟ್ಟಕ್ಕೂ ಒಂದೊಂದು ಮೀಟರ್ ತನ್ನ ಕಾಯಂ ಜಾಗದಲ್ಲಿ ಕುಳಿತಿರುತ್ತಿತ್ತು; ಯಾವ ಮುಳ್ಳು ಎಲ್ಲಿರಬೇಕೆಂಬುದನ್ನು ಬಲ್ಲ ಅನುಭವಿ ಆಪರೇಟರ್ ದೂರದಲ್ಲಿ ನಿಂತೇ ಅಳತೆ ತಪ್ಪಿದ್ದನ್ನು ಗುರುತಿಸಬಲ್ಲವನಾಗಿದ್ದ. 1975ರಲ್ಲಿ ಅಮೆರಿಕದ ಹನಿವೆಲ್ ಕಂಪನಿಯ ಟಿಡಿಸಿ 2000 ಮತ್ತು ಜಪಾನಿನ ಯೊಕೊಗಾವಾ ಕಂಪನಿಯ ಸೆಂಟಮ್ ಎಂಬ ವ್ಯವಸ್ಥೆಗಳು ಬಂದವು. ನಿಯಂತ್ರಣದ ಕೆಲಸವನ್ನು ಹಲವು ಸಣ್ಣ ಕಂಪ್ಯೂಟರುಗಳಿಗೆ ಹಂಚಿ, ಎಲ್ಲವನ್ನೂ ಮೇಜಿನ ಪರದೆಯಿಂದ ನೋಡುವಂತೆ ಮಾಡುವ ಈ ಬಗೆಯ ವ್ಯವಸ್ಥೆಗೆ ಡಿಸಿಎಸ್ ಎಂದು ಹೆಸರು. ಇದರಿಂದ ನಿಖರತೆ ಹೆಚ್ಚಿತು, ತಂತಿಗಳ ಜಂಜಾಟ ತಗ್ಗಿತು, ದಾಖಲೆಗಳು ತಾವಾಗಿ ಉಳಿಯತೊಡಗಿದವು. ಕಳೆದುಹೋದದ್ದು ಸಮಗ್ರ ನೋಟ. ನೂರಾರು ಚಿತ್ರಪುಟಗಳಲ್ಲಿ ಹಂಚಿಹೋದ ಘಟಕವನ್ನು ಆಪರೇಟರ್ ಒಂದು ಹೊತ್ತಿಗೆ ನಾಲ್ಕಾರು ಪುಟಗಳ ಕಿಂಡಿಯಿಂದ ಮಾತ್ರ ನೋಡಬೇಕಾಯಿತು. ಉಡುಪಿಯ ಕನಕನ ಕಿಂಡಿಯಲ್ಲಿ ನೋಡಬೇಕಾದ ಮೂರ್ತಿ ಸರಿಯಾಗಿ ಎದುರಿಗೇ ಇರುತ್ತದೆ. ಡಿಸಿಎಸ್‌ನ ಕಿಂಡಿಯ ಎದುರಿಗೆ ಏನಿರಬೇಕು ಎಂಬುದನ್ನು ಆಪರೇಟರನೇ ಊಹಿಸಿ ತೆರೆಯಬೇಕು.

ಈ ನಷ್ಟದ ಬೆಲೆ ಎಷ್ಟೆಂಬುದು 1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನಲ್ಲಿದ್ದ ಟೆಕ್ಸಾಕೊ ತೈಲ ಸಂಸ್ಕರಣಾಗಾರದಲ್ಲಿ ಕಾಣಿಸಿತು. ಬೆಳಿಗ್ಗೆ ಸಿಡಿಲುಮಳೆಯಿಂದ ಘಟಕಗಳಲ್ಲಿ ಏರುಪೇರಾಯಿತು. ಒಂದು ವಾಲ್ವ್ ಮುಚ್ಚಿಕೊಂಡಿದ್ದರೂ ನಿಯಂತ್ರಣ ವ್ಯವಸ್ಥೆ ಅದು ತೆರೆದಿದೆ ಎಂದೇ ತೋರಿಸುತ್ತಿತ್ತು. ಹೊರದಾರಿಯಿಲ್ಲದ ದ್ರವ ಹಿಂದಿನ ಪಾತ್ರೆಗಳಲ್ಲಿ ತುಂಬುತ್ತ ಹೋಗಿ, ಕೊನೆಗೆ ಹೆಚ್ಚುವರಿ ಅನಿಲವನ್ನು ಸುಡುವ ಉರಿಸ್ತಂಭದ (ಫ್ಲೇರ್) ಕಡೆಗೆ ಹೋಗುವ ಕೊಳವೆಯನ್ನು ಒಡೆದುಕೊಂಡು ಹೊರಬಂತು. ಸುಮಾರು 20 ಟನ್ ಹೈಡ್ರೋಕಾರ್ಬನ್ ಸೋರಿ ಮಧ್ಯಾಹ್ನ ಸ್ಫೋಟ ಸಂಭವಿಸಿ 26 ಮಂದಿ ಗಾಯಗೊಂಡರು. ಸಿಡಿಲಿಗೂ ಸ್ಫೋಟಕ್ಕೂ ನಡುವೆ ಗಂಟೆಗಟ್ಟಲೆ ಕಾಲಾವಕಾಶವಿತ್ತು. ಘಟನೆಯ ತನಿಖೆ ನಡೆಸಿದ ಬ್ರಿಟನ್ನಿನ ಸರ್ಕಾರಿ ಸುರಕ್ಷತಾ ಸಂಸ್ಥೆ ಎಚ್‌ಎಸ್‌ಇ ಎತ್ತಿ ಹೇಳಿದ ದೋಷಗಳಲ್ಲಿ ಎರಡು ಇಲ್ಲಿನ ಚರ್ಚೆಗೆ ನೇರವಾಗಿ ಸೇರುತ್ತವೆ. ಘಟಕದ ಒಟ್ಟು ಸ್ಥಿತಿಯನ್ನು ಒಂದೆಡೆ ತೋರಿಸುವ ಚಿತ್ರ ಆಪರೇಟರುಗಳಿಗೆ ಇರಲಿಲ್ಲ ಎಂಬುದು ಒಂದು. ಸ್ಫೋಟಕ್ಕೆ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮೇಲೆ 275 ಅಲಾರಂಗಳು ಸುರಿದವು ಎಂಬುದು ಇನ್ನೊಂದು. ವೀಡಿಯೊ ವಾಲ್ ಪರವಾಗಿ ವಾದಿಸುವವರು ಮೊದಲನೆಯದನ್ನು ಮಾತ್ರ ನೆನೆಯುತ್ತಾರೆ. ನಿಮಿಷಕ್ಕೆ 25ರಂತೆ ಬರುವ ಅಲಾರಂಗಳ ಪಟ್ಟಿಯನ್ನು ಗೋಡೆಗಾತ್ರಕ್ಕೆ ಹಿಗ್ಗಿಸಿದರೂ ಅದನ್ನು ಓದಿ ಅರ್ಥಮಾಡಿಕೊಳ್ಳುವುದು ಮನುಷ್ಯಮಾತ್ರರಿಗೆ ಸಾಧ್ಯವಿಲ್ಲ.

ಅಮೆರಿಕದ ಟೆಕ್ಸಸ್ ಸಿಟಿಯಲ್ಲಿ 2005ರ ಮಾರ್ಚ್ 23ರಂದು ಬಿಪಿ ಕಂಪನಿಯ ಸಂಸ್ಕರಣಾಗಾರದಲ್ಲಿ 15 ಜನರನ್ನು ಬಲಿತೆಗೆದುಕೊಂಡ ಸ್ಫೋಟವು ಇನ್ನೂ ಸೂಕ್ಷ್ಮವಾದ ಪಾಠ. ಅಲ್ಲಿ ಒಂದು ಎತ್ತರದ ಗೋಪುರಕ್ಕೆ ದ್ರವ ಒಳಹೋಗುತ್ತಲೇ ಇತ್ತು, ಹೊರದಾರಿ ಗಂಟೆಗಳ ಕಾಲ ಮುಚ್ಚಿತ್ತು. ಆದರೆ ಒಳಹರಿವಿನ ಅಂಕಿ ಒಂದು ಪುಟದಲ್ಲೂ ಹೊರಹರಿವಿನ ಅಂಕಿ ಮತ್ತೊಂದು ಪುಟದಲ್ಲೂ ಇದ್ದುದರಿಂದ, ಬರುವುದಕ್ಕೂ ಹೋಗುವುದಕ್ಕೂ ತಾಳೆಯಿಲ್ಲ ಎಂಬ ಸರಳ ಸಂಗತಿ ಕಣ್ಣಿಗೆ ಬೀಳಲಿಲ್ಲ. ಮಟ್ಟ ತೋರಿಸುವ ಉಪಕರಣವೂ ತಪ್ಪು ಹೇಳುತ್ತ, ಗೋಪುರ ತುಂಬುತ್ತಿದ್ದಾಗಲೇ ಮಟ್ಟ ಇಳಿಯುತ್ತಿದೆ ಎಂದು ತೋರಿಸುತ್ತಿತ್ತು. ಎರಡು ಅಂಕಿಗಳನ್ನು ಒಂದರ ಪಕ್ಕ ಒಂದನ್ನಿಟ್ಟಿದ್ದರೆ ಮೇಜಿನ ಸಣ್ಣ ಪರದೆಯೂ ಈ ವಿರೋಧವನ್ನು ತೋರಿಸಿಕೊಡಬಹುದಿತ್ತು. ಅವನ್ನು ಬೇರೆ ಬೇರೆ ಮೂಲೆಗಳಲ್ಲಿಟ್ಟ ದೊಡ್ಡ ಗೋಡೆ ತೋರಿಸಿಕೊಡುತ್ತಿರಲಿಲ್ಲ.

ಗಾತ್ರವೇ ಪರಿಹಾರವಲ್ಲ ಎಂಬುದಕ್ಕೆ ಹಳೆಯ ಪ್ಯಾನೆಲ್‌ಗಳ ಕಾಲವೂ ಸಾಕ್ಷಿಯಾಗಿದೆ. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಅವಘಡವಾದಾಗ ಕೊಠಡಿಯ ಗೋಡೆಗಳ ತುಂಬ ಮೀಟರುಗಳೂ ದೀಪಗಳೂ ಇದ್ದವು. ಒತ್ತಡ ಇಳಿಸುವ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದಾಗ, ಅದಕ್ಕೆ ಮುಚ್ಚಲು ಆಜ್ಞೆ ಹೋಗಿದೆ ಎಂಬುದನ್ನಷ್ಟೇ ದೀಪ ತಿಳಿಸುತ್ತಿತ್ತು, ವಾಲ್ವ್ ನಿಜವಾಗಿ ಮುಚ್ಚಿತೇ ಎಂಬುದನ್ನಲ್ಲ. ಸೋರಿದ ನೀರು ಸೇರುತ್ತಿದ್ದ ತೊಟ್ಟಿಯ ಮಾಪಕಗಳೋ ಮುಖ್ಯ ಪ್ಯಾನೆಲ್ಲಿನ ಹಿಂಭಾಗದಲ್ಲಿ, ಕೂತಲ್ಲಿಂದ ಕಾಣದ ಕಡೆ ಇದ್ದವು. ಹೀಗೆ ನೋಡಿದರೆ ಕೊಠಡಿಯ ಗುಣ ನಿಂತಿರುವುದು ಯಾವ ಸಂಗತಿಯ ಪಕ್ಕದಲ್ಲಿ ಯಾವ ಸಂಗತಿ ಇದೆ, ಮತ್ತು ತೋರಿಸಿದ್ದು ಅಳೆದ ಸತ್ಯವೋ ಕೊಟ್ಟ ಆಜ್ಞೆಯೋ ಎಂಬುದರ ಮೇಲೆ.

ಈ ಹಿನ್ನೆಲೆಯಲ್ಲಿ ಇಂದಿನ ಗೋಡೆಗಳ ಮೇಲೆ ಏನಿರುತ್ತದೆ ಎಂದು ಪರಿಶೀಲಿಸಿದರೆ ನಿರಾಸೆಯಾಗುತ್ತದೆ. ಎಲ್ಲಕ್ಕಿಂತ ಸುಲಭವಾದ, ಆದ್ದರಿಂದ ಎಲ್ಲಕ್ಕಿಂತ ಪ್ರಚಲಿತವಾದ ದಾರಿಯೆಂದರೆ ಮೇಜಿನ ಪುಟಗಳನ್ನೇ ಎತ್ತಿ ಗೋಡೆಗೆ ಹಾಕುವುದು. ಇದು ಲೆಕ್ಕಕ್ಕೇ ನಿಲ್ಲುವುದಿಲ್ಲ. ಅಕ್ಷರವೊಂದು ಆಯಾಸವಿಲ್ಲದೆ ಓದಲು ಬರಬೇಕಾದರೆ ಅದರ ಎತ್ತರವು ಕಣ್ಣಿನಲ್ಲಿ 15ರಿಂದ 20 ಕೋನನಿಮಿಷಗಳಷ್ಟು, ಅಂದರೆ ಒಂದು ಡಿಗ್ರಿಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಕೋನವನ್ನು ವ್ಯಾಪಿಸಿರಬೇಕೆಂಬುದು ವಿನ್ಯಾಸಕಾರರ ಸಾಮಾನ್ಯ ನಿಯಮ. ಮೇಜಿನ ಪರದೆಯಿಂದ 70 ಸೆಂಟಿಮೀಟರ್ ದೂರದಲ್ಲಿ ಕುಳಿತವನಿಗೆ 3ರಿಂದ 4 ಮಿಲಿಮೀಟರ್ ಎತ್ತರದ ಅಕ್ಷರ ಸಾಕು. ಗೋಡೆಯಿಂದ 6 ಮೀಟರ್ ದೂರದಲ್ಲಿರುವವನಿಗೆ 26ರಿಂದ 35 ಮಿಲಿಮೀಟರ್ ಬೇಕು. 24 ಇಂಚಿನ ಪರದೆಗಾಗಿ ಬರೆದ ಪುಟವನ್ನು 55 ಇಂಚಿನ ಪರದೆಗೆ ಹಿಗ್ಗಿಸಿದಾಗ 4 ಮಿಲಿಮೀಟರಿನ ಅಕ್ಷರ 9ಕ್ಕೆ ಏರುತ್ತದೆ, ಅಷ್ಟೆ. ಅದನ್ನು ಓದಲು ಆಪರೇಟರ್ ತನ್ನ ಕುರ್ಚಿ ಬಿಟ್ಟೆದ್ದು ಗೋಡೆಯ ಹತ್ತಿರ, 2 ಮೀಟರಿನಷ್ಟು ಸಮೀಪಕ್ಕೆ ಹೋಗಬೇಕು. ಹೋಗುವುದಿಲ್ಲ, ಮೇಜಿನ ಪರದೆಯಲ್ಲೇ ನೋಡಿಕೊಳ್ಳುತ್ತಾನೆ. ಉಳಿದ ಜಾಗವನ್ನು ಸಿಸಿಟಿವಿ ಚಿತ್ರಗಳು, ತಿಂಗಳ ಉತ್ಪಾದನಾ ಗುರಿ, ಕಂಪನಿಯ ಲಾಂಛನ, ತಿರುಗುವ ಪಂಪುಗಳ ಬಣ್ಣದ ಚಿತ್ರಗಳು ತುಂಬುತ್ತವೆ. ಸಿಸಿಟಿವಿಯನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ: ಉರಿಸ್ತಂಭದ ಹೊಗೆಯ ಬಣ್ಣ, ಸಿಮೆಂಟು ಗೂಡಿನ ಜ್ವಾಲೆಯ ಆಕಾರ ಇವು ಅನುಭವಿ ಕಣ್ಣಿಗೆ ಅಂಕಿಗಳಷ್ಟೇ ಮಾತಾಡುತ್ತವೆ. ಮುಖ್ಯದ್ವಾರದ ಕ್ಯಾಮೆರಾ ಹಾಗಲ್ಲ.

ಗೋಡೆ ಆಪರೇಟರುಗಳಿಗಿಂತ ಹೆಚ್ಚಾಗಿ ಹೊರಗಿನ ನೋಡುಗರಿಗಾಗಿ ನಿರ್ಮಾಣವಾಗುವ ಪ್ರವೃತ್ತಿ ಹೊಸದೇನಲ್ಲ. ಚಿಲಿ ದೇಶದ ಅಯೆಂದೆ ಸರ್ಕಾರವು ರಾಷ್ಟ್ರೀಕೃತ ಕಾರ್ಖಾನೆಗಳನ್ನು ಒಂದೆಡೆಯಿಂದ ನಿರ್ವಹಿಸಲು ಬ್ರಿಟಿಷ್ ಚಿಂತಕ ಸ್ಟ್ಯಾಫರ್ಡ್ ಬಿಯರ್ ಅವರ ಮಾರ್ಗದರ್ಶನದಲ್ಲಿ ಸಾಂಟಿಯಾಗೊದಲ್ಲಿ ರೂಪಿಸಿದ ಸೈಬರ್‌ಸಿನ್ ಕೊಠಡಿಯಲ್ಲಿ ಏಳು ಕುರ್ಚಿಗಳೂ ಅವುಗಳ ತೋಳುಗಳಲ್ಲಿ ಗುಂಡಿಗಳೂ ಗೋಡೆಗಳಲ್ಲಿ ಪರದೆಗಳೂ ಇದ್ದವು. ಪರದೆಗಳಲ್ಲಿ ಮೂಡುತ್ತಿದ್ದ ನಕ್ಷೆಗಳು ಮಾತ್ರ ಕಂಪ್ಯೂಟರಿನಿಂದ ನೇರವಾಗಿ ಬಂದವಲ್ಲ, ಕಲಾವಿದರು ಕೈಯಿಂದ ಬರೆದು ಸ್ಲೈಡ್ ಮಾಡಿದವು. ಆದರೂ ಯಾವುದು ಗೋಡೆಗೆ ಬರಬೇಕು, ಯಾವುದು ಬರಬಾರದು ಎಂದು ಅಲ್ಲಿ ಯಾರೋ ಕುಳಿತು ಯೋಚಿಸಿದ್ದರು. ಆ ಯೋಚನೆ ಇಂದಿನ ಎಷ್ಟೋ ದುಬಾರಿ ಗೋಡೆಗಳಿಗೆ ದಕ್ಕಿಲ್ಲ ಎಂಬುದೇ ವಿಡಂಬನೆ.

ತಂತ್ರಜ್ಞಾನದ ಆಯ್ಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಿಂದಿನಿಂದ ಬೆಳಕು ಚೆಲ್ಲುವ ಪ್ರೊಜೆಕ್ಷನ್ ಪೆಟ್ಟಿಗೆಗಳು ಬಹುಮಟ್ಟಿಗೆ ಅಂಚಿಲ್ಲದ ಚಿತ್ರ ಕೊಡುತ್ತವೆ, ಜಾಗ ಹೆಚ್ಚು ತಿನ್ನುತ್ತವೆ. ಎಲ್‌ಸಿಡಿ ಪರದೆಗಳು ಅಗ್ಗವಾದರೂ ಅವುಗಳ ನಡುವೆ ಅಂಚಿನ ಗೆರೆ ಉಳಿಯುತ್ತದೆ. ಅಲ್ಲದೆ ಕೊಳವೆ, ತೊಟ್ಟಿಗಳ ಅಲುಗಾಡದ ರೇಖೆಗಳು ದಿನವಿಡೀ ಒಂದೇ ಜಾಗದಲ್ಲಿ ನಿಂತರೆ ಅವುಗಳ ಮಸುಕು ಗುರುತು ಪರದೆಯಲ್ಲಿ ಉಳಿದುಬಿಡುವ ಅಪಾಯವಿದೆ. ಸಣ್ಣ ಸಣ್ಣ ಎಲ್‌ಇಡಿ ಬಿಂದುಗಳಿಂದಲೇ ರಚಿತವಾದ ಗೋಡೆಯಲ್ಲಿ ಬಿಂದುಗಳ ಅಂತರ ಒಂದೂವರೆ ಮಿಲಿಮೀಟರ್ ಇದ್ದರೆ 5 ಮೀಟರಿನಾಚೆ ಕುಳಿತವರ ಕಣ್ಣಿಗೆ ಅದು ಸಾಕು. ಇನ್ನೂ ಸೂಕ್ಷ್ಮವಾದುದಕ್ಕೆ ತೆರುವ ಹಣ ಯಾರಿಗೂ ಕಾಣದ ವಿವರಕ್ಕೆ ತೆತ್ತ ಹಣ.

ಬಣ್ಣದ ವಿಚಾರ ಇದಕ್ಕಿಂತ ಮುಖ್ಯ. 2015ರಲ್ಲಿ ಹೊರಬಂದ ಐಎಸ್‌ಎ 101 ಎಂಬ ಮಾನದಂಡವು ಚಿತ್ರಪುಟಗಳ ವಿನ್ಯಾಸವನ್ನು ಕ್ರಮಬದ್ಧಗೊಳಿಸಲು ಹೊರಟಿತು. ಅದೇ ಕಾಲಕ್ಕೆ ಬೆಳೆದ ಸಂಯಮದ ವಿನ್ಯಾಸಶೈಲಿಯಲ್ಲಿ ಹಿನ್ನೆಲೆ ಬೂದು, ಸಹಜ ಸ್ಥಿತಿಯಲ್ಲಿರುವ ಎಲ್ಲವೂ ಬೂದು, ಕೆಟ್ಟದ್ದು ಮಾತ್ರ ಬಣ್ಣ. ಇಂಥ ಗೋಡೆ ಘಟಕ ಸುಸ್ಥಿತಿಯಲ್ಲಿರುವಾಗ ಅತ್ಯಂತ ನೀರಸವಾಗಿರುತ್ತದೆ, ಇರಬೇಕಾದದ್ದೂ ಹಾಗೆಯೇ. ಉದ್ಘಾಟನೆಗೆ ಬಂದ ಅತಿಥಿಗಳಿಗೆ ಇದು ರುಚಿಸದ ಕಾರಣ ಹಸಿರು, ಕೆಂಪು, ನೀಲಿಗಳು ಮರಳಿ ಬರುತ್ತವೆ, ಮತ್ತು ನಿಜವಾದ ಕೆಂಪು ಆ ಜಾತ್ರೆಯಲ್ಲಿ ಕಳೆದುಹೋಗುತ್ತದೆ.

ಗೋಡೆ ನಿಜಕ್ಕೂ ಸಲ್ಲುವ ಕಡೆಗಳಿವೆ. ಹಲವರು ಒಟ್ಟಿಗೆ ಒಂದೇ ಸ್ಥಿತಿಯನ್ನು ನೋಡಿ ತೀರ್ಮಾನಿಸಬೇಕಾದ ವಿದ್ಯುತ್ ಜಾಲದ ನಿಯಂತ್ರಣ ಅಂಥದು. ಬೆಂಗಳೂರಿನಲ್ಲಿರುವ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರವು ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರಪ್ರದೇಶ, ತೆಲಂಗಾಣ, ಪುದುಚೇರಿಗಳ ಜಾಲದ ಮೇಲೆ ಕಣ್ಣಿಡುತ್ತದೆ. ಇಂಥಲ್ಲಿ 50 ಹರ್ಟ್ಸ್‌ನ ಆಸುಪಾಸಿನಲ್ಲಿ, 49.90ರಿಂದ 50.05ರ ನಡುವೆ ನಿಲ್ಲಬೇಕಾದ ಆವರ್ತನ ಎಂಬ ಒಂದು ಅಂಕಿ ಕೊಠಡಿಯ ಯಾವ ಮೂಲೆಯಿಂದಲೂ ಕಾಣಬೇಕು, ಏಕೆಂದರೆ ಎಲ್ಲರ ಕೆಲಸವೂ ಅದಕ್ಕೆ ಕಟ್ಟುಬಿದ್ದಿದೆ. ಕಾರ್ಖಾನೆಯಲ್ಲೂ ಪಾಳಿ ಬದಲಾಗುವ ಹೊತ್ತಿಗೆ ಹೋಗುವವರೂ ಬರುವವರೂ ಒಂದೇ ಚಿತ್ರದ ಮುಂದೆ ನಿಂತು ಮಾತಾಡುವುದಕ್ಕೆ, ಶಿಫ್ಟ್ ಇನ್‌ಚಾರ್ಜ್ ಆಪರೇಟರನ ಬೆನ್ನಿಗೆ ಬಂದು ನಿಲ್ಲದೆಯೇ ಸ್ಥಿತಿ ತಿಳಿಯುವುದಕ್ಕೆ ಗೋಡೆ ನೆರವಾಗುತ್ತದೆ. ಒಬ್ಬನೇ ಆಪರೇಟರ್ ಒಂದೇ ಸಣ್ಣ ಘಟಕ ನೋಡಿಕೊಳ್ಳುವ ಕೊಠಡಿಗೆ ಈ ವಾದ ಅನ್ವಯಿಸದು. ಅಲ್ಲಿ ಮೇಜಿನ ಮೇಲೆ ಇನ್ನೊಂದು ಪರದೆಯೇ ಸಾಕು.

ಹಣ ಎಲ್ಲಿಗೆ ಮೊದಲು ಹೋಗಬೇಕು ಎಂಬ ಪ್ರಶ್ನೆಯೇ ಕೊನೆಗೆ ನಿರ್ಣಾಯಕವಾದದ್ದು. 1999ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಇಇಎಂಯುಎ 191 ಎಂಬ ಮಾರ್ಗಸೂಚಿಯ ಪ್ರಕಾರ, ಸಹಜ ಸ್ಥಿತಿಯಲ್ಲಿ ಒಬ್ಬ ಆಪರೇಟರಿಗೆ ಸರಾಸರಿ 10 ನಿಮಿಷಕ್ಕೆ ಒಂದು ಅಲಾರಂ ಮೀರದಿದ್ದರೆ ಅದು ನಿಭಾಯಿಸಬಲ್ಲ ಹೊರೆ. ಹೊರೆಯನ್ನು ಈ ಮಿತಿಗೆ ಇಳಿಸಲು ಪ್ರತಿ ಅಲಾರಂ ಏಕಿದೆ, ಬಂದಾಗ ಏನು ಮಾಡಬೇಕು ಎಂದು ಒಂದೊಂದಾಗಿ ಕೇಳಿ, ಉತ್ತರವಿಲ್ಲದ್ದನ್ನು ಕಿತ್ತುಹಾಕಬೇಕು; ಹಣ ಮೊದಲು ಹೋಗಬೇಕಾದದ್ದು ಇಲ್ಲಿಗೆ. ಈ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ, ಫೋಟೊ ತೆಗೆಯಲು ಏನೂ ಉಳಿಸುವುದಿಲ್ಲ, ಆದ್ದರಿಂದಲೇ ಮುಂದಕ್ಕೆ ಹೋಗುತ್ತದೆ. ಹೊರೆ ಅಲಾರಂಗಳದ್ದು ಮಾತ್ರವಲ್ಲ: ಟೆಕ್ಸಸ್ ಸಿಟಿಯಲ್ಲಿ ಅಂದು ನಿಯಂತ್ರಣ ಕೊಠಡಿಯಲ್ಲಿ ಒಬ್ಬನೇ ಆಪರೇಟರ್ ಮೂರು ಘಟಕಗಳನ್ನು ನೋಡಿಕೊಳ್ಳುತ್ತಿದ್ದ. ಸತತವಾಗಿ 29 ದಿನಗಳ ಕಾಲ ದಿನಕ್ಕೆ 12 ಗಂಟೆಯಂತೆ ದುಡಿದಿದ್ದ. ಅಂಥ ದಣಿದ ಕಣ್ಣುಗಳ ಮುಂದೆ ಎಷ್ಟು ಇಂಚಿನ ಪರದೆಯನ್ನಿಟ್ಟರೂ ಪ್ರಯೋಜನ ಅಲ್ಪ.

ಆದ್ದರಿಂದ ಖರೀದಿಯ ಆದೇಶಕ್ಕೆ ಸಹಿ ಬೀಳುವ ಮುನ್ನ ಎಲ್ಲ ಪಾಳಿಗಳ ಆಪರೇಟರುಗಳನ್ನು ಕೂರಿಸಿಕೊಂಡು, ಘಟಕ ಸುಸ್ಥಿತಿಯಲ್ಲಿದೆಯೇ ಎಂದು ತಿಳಿಯಲು ಅವರು ನಿಜವಾಗಿ ನೋಡುವ ಅಂಕಿಗಳಾವುವು, ಯಾವುದರ ಪಕ್ಕದಲ್ಲಿ ಯಾವುದಿರಬೇಕು ಎಂದು ಕೇಳಿ, ಆ ಚಿತ್ರವನ್ನು ಕಾಗದದ ಮೇಲೆ ಬರೆಸಿ, ಹಿಂದಿನ ಅವಘಡಗಳ ದಾಖಲೆಗಳೊಡನೆ ಹೋಲಿಸಿ ಪರೀಕ್ಷಿಸುವುದು ಆಗಬೇಕಾದ ಮೊದಲ ಕೆಲಸ. ಅಂಥ ಚಿತ್ರ ಸಿದ್ಧವಿಲ್ಲದ ಕಾರ್ಖಾನೆ ವೀಡಿಯೊ ವಾಲ್ ಖರೀದಿಯನ್ನು ಮುಂದೂಡುವುದೇ ಸರಿ.